ನಾನು ಒತ್ತೋದಿಲ್ಲ ಮಾವ

ಬೆಳಗಿನ ಬ್ಯಾಚಿಗೆ ಬರುತ್ತಿದ್ದವರು ಹನ್ನೊಂದು ಮಂದಿ. ಎಲ್ಲರದ್ದೂ ಒಂದೇ ದೂರು: ಮೈ ಬಗ್ಗುವುದಿಲ್ಲ. ಬಸ್ ಕಂಡಕ್ಟರಮ್ಮನಿಗೆ ದಿನವಿಡೀ ನಿಂತು ತೊಡೆ ಬಿಗಿ. ದರ್ಜಿಗೆ ಕತ್ತು ಬಿಗಿ. ಬ್ಯಾಂಕಿನ ಗುಮಾಸ್ತರು ಬಗ್ಗಿದರೆ ಕೈ ಮೊಣಕಾಲಿಗೇ ನಿಲ್ಲುತ್ತಿತ್ತು.

ಬಣ್ಣದ ಅಂಗಡಿಯ ಮಾಳಿಗೆಯ ಮೇಲಿದ್ದ ಆ ಜಿಮ್ಮಿನ ಯಜಮಾನನನ್ನು ಎಲ್ಲರೂ ಪೈಲ್ವಾನ ಎನ್ನುತ್ತಿದ್ದರು. ತರಬೇತಿ ಕೊಡುತ್ತಿದ್ದವಳು ಅವನ ಅಕ್ಕನ ಮಗಳು. ಅಕ್ಕ ಬಾಗಿಲ ಬಳಿ ಕೂತು ಹಾಜರಿ ಬರೆಯುತ್ತಿದ್ದಳು. ಹುಡುಗಿಗೆ ಮಾವ ಹೇಳಿದ್ದೇ ವೇದವಾಕ್ಯ. ಬಂದವರನ್ನು ಬಂದ ಹಾಗೇ ಕಾಲು ಚಾಚಿ ಕೂರಿಸು, ಬೆನ್ನಿಗೆ ಮೊಣಕಾಲು ಕೊಡು, ಅಯ್ಯೋ ಎನ್ನುವವರೆಗೆ ಒತ್ತು. ಅಯ್ಯೋ ಎಂದ ಮೇಲೆ ಇನ್ನೊಂದಿಷ್ಟು ಒತ್ತು.

ಒಂದು ದಿನ ಚಳಿ ಕೊರೆಯುತ್ತಿತ್ತು. ಕಂಡಕ್ಟರಮ್ಮ ಸ್ವೆಟರ್ ತೆಗೆದಿಟ್ಟು ನೇರವಾಗಿ ಚಾಪೆಯ ಮೇಲೆ ಕೂತಳು. ಹುಡುಗಿ ಬೆನ್ನು ಒತ್ತಿದಳು.

"ಸಾಕು ಕಣಮ್ಮ, ಬಿಡು," ಎಂದಳು ಕಂಡಕ್ಟರಮ್ಮ.

ಹುಡುಗಿಯ ಕೈ ಸಡಿಲವಾಯಿತು. ಹಿಂದಿನಿಂದ ಮಾವ ಗದರಿದ: "ಬಿಡಬೇಡ! ಒತ್ತು!"

ಒತ್ತಿದಳು. ತೊಡೆಯ ಹಿಂದೆ ಟಪ್ಪೆಂದಿತು. ಕಂಡಕ್ಟರಮ್ಮನನ್ನು ಇಬ್ಬರು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಬೇಕಾಯಿತು.

ಮಧ್ಯಾಹ್ನ ಹುಡುಗಿ ಆಸ್ಪತ್ರೆಗೆ ಓಡಿದಳು. ಅಲ್ಲಿ ವಯಸ್ಸಾದ ಫಿಸಿಯೋ ಅಮ್ಮ ಒಬ್ಬರು ಕಂಡಕ್ಟರಮ್ಮನ ತೊಡೆಗೆ ಪಟ್ಟಿ ಸುತ್ತುತ್ತಿದ್ದರು.

"ಒತ್ತಿದ್ದು ಯಾರು?"

"ನಾನೇ."

ಕಂಡಕ್ಟರಮ್ಮ ಮಲಗಿದಲ್ಲಿಂದಲೇ ಕೇಳಿದಳು: "ಸಾಕು ಅಂದೆನಲ್ಲ, ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದಳು ಹುಡುಗಿ.

ಆದರೂ ಅನುಮಾನ ಹೋಗಲಿಲ್ಲ. ಹೊರಗೆ ಬಂದು ಫಿಸಿಯೋ ಅಮ್ಮನನ್ನೇ ಕೇಳಿದಳು: "ನೋವಾಗದೆ ಮೈ ಸಡಿಲ ಆಗುತ್ತಾ ಅಮ್ಮ? ನಮ್ಮ ಮಾವಂದು ಮೂವತ್ತು ವರ್ಷದ ಅನುಭವ."

"ತಪ್ಪನ್ನ ಮೂವತ್ತು ವರ್ಷ ಮಾಡಿದ್ರೆ ಅದು ಸರಿ ಆಗಿಬಿಡುತ್ತಾ? ನೋಡಮ್ಮ, ದಬಾಯಿಸಿದ್ರೆ ಸ್ನಾಯು ಹೆದರಿ ಇನ್ನೂ ಬಿಗಿ ಹಿಡಿಯುತ್ತೆ. ಅದರ ಮೇಲೂ ಹೇರಿದ್ರೆ ಹರಿಯುತ್ತೆ. ಮೊದಲು ಐದು ಹತ್ತು ನಿಮಿಷ ನಡೆಸು, ಮೈ ಬಿಸಿಯಾಗಲಿ. ಆಮೇಲೆ ಕೈ ಬೀಸೋದು, ಕಾಲು ಬೀಸೋದು, ಹೀಗೆ ಆಡ್ತಾ ಆಡ್ತಾ ಎಳೆತ. ಒಂದೇ ಭಂಗಿಯಲ್ಲಿ ಹಿಡಿದು ನಿಲ್ಲೋ ಎಳೆತವನ್ನ ವ್ಯಾಯಾಮ ಮುಗಿದ ಮೇಲೆ ಮಾಡಿಸು."

"ಎಷ್ಟು ಹೊತ್ತು ಹಿಡೀಬೇಕು?"

"ಹದಿನೈದರಿಂದ ಮೂವತ್ತು ಸೆಕೆಂಡು. ಎರಡು ಮೂರು ಸಲ. ಜಗ್ಗಿ ಜಗ್ಗಿ ಕುಕ್ಕಬಾರದು, ಉಸಿರು ಕಟ್ಟಬಾರದು. ಬಿಗಿ ಅನ್ನಿಸಿದ ಕಡೆ ನಿಲ್ಲಿಸಬೇಕು, ನೋವಿನ ಗಡಿ ದಾಟಬಾರದು. ವಾರಕ್ಕೆ ಎರಡು ಮೂರು ದಿನ ಮಾಡಿದ್ರೂ ಮೈ ಮಾತು ಕೇಳುತ್ತೆ. ಇನ್ನೊಂದು ವಿಷಯ, ಮುಟ್ಟೋ ಮೊದಲು ಕೇಳು. ಸಾಕು ಅಂದ ಕ್ಷಣ ಕೈ ತೆಗಿ."

ಮರುದಿನ ಬೆಳಿಗ್ಗೆ ಹುಡುಗಿ ಚಾಪೆ ಹಾಸಲೇ ಇಲ್ಲ. ಬಂದವರನ್ನೆಲ್ಲ ನಿಂತಲ್ಲೇ ನಡೆಸಿದಳು, ತೋಳು ತಿರುಗಿಸಲು ಹೇಳಿದಳು. ಮಾವ ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಏನಿದು ಮಕ್ಕಳಾಟ? ಕೂರಿಸಿ ಒತ್ತು!"

"ನಾನು ಒತ್ತೋದಿಲ್ಲ ಮಾವ."

ಹನ್ನೊಂದರಲ್ಲಿ ಉಳಿದಿದ್ದ ಹತ್ತು ಮಂದಿಯೂ ನಡೆಯುವುದು ನಿಲ್ಲಿಸಿ ತಿರುಗಿ ನೋಡಿದರು. ಬಾಗಿಲ ಬಳಿಯಿಂದ ಅಮ್ಮ ಸಿಡುಕಿದಳು: "ಗುರುವಿಗೇ ತಿರುಮಂತ್ರನಾ? ಸುಮ್ನೆ ಹೇಳಿದ್ದು ಮಾಡೇ!"

"ಹೇಳಿದ್ದು ಮಾಡಿದ್ದಕ್ಕೇ ಒಬ್ಬರು ಮಂಚ ಹಿಡಿದಿದ್ದಾರೆ ಅಮ್ಮ."

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದ ಮಾವ. "ಇವರೆಲ್ಲ ಬಲಿತ ಮರಗಳು. ಒತ್ತದೆ ಬಗ್ಗಲ್ಲ."

"ಇವರು ಮರ ಅಲ್ಲ, ಮನುಷ್ಯರು. ಆರು ವಾರ ಕೊಡಿ. ಬಗ್ಗದಿದ್ರೆ ನಾನೇ ಮನೇಲಿ ಕೂರ್ತೀನಿ. ಆದ್ರೆ ಅಲ್ಲೀತನಕ ಯಾರ ಬೆನ್ನ ಮೇಲೂ ನಿಮ್ಮ ಮೊಣಕಾಲು ಬೀಳಕೂಡದು. ಬಿದ್ರೆ ಇವರನ್ನೆಲ್ಲ ಕರ್ಕೊಂಡು ಬೀದೀಲೇ ತರಗತಿ ಮಾಡ್ತೀನಿ!"

"ನಾನೂ ಬರ್ತೀನಿ," ಎಂದು ದರ್ಜಿ ಮೆಲ್ಲಗೆ ಅಂದ. ಗುಮಾಸ್ತರೂ ತಲೆಯಾಡಿಸಿದರು. ಮಾವ ಬಾಗಿಲು ಬಡಿದು ಹೊರಟೇಹೋದ.

ಮರುದಿನ ಮರಳಿ ಬಂದನಾದರೂ, ಆರು ವಾರವೂ ಯಾರನ್ನೂ ಮುಟ್ಟದೆ ಮೂಲೆಯ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತ. ಕೂತರೂ ಕಣ್ಣು ಮಾತ್ರ ಇತ್ತಲೇ. ಕೊನೆಯ ದಿನ ಗುಮಾಸ್ತರ ಬೆರಳು ಪಾದದ ಗಂಟು ಮುಟ್ಟಿತು. ಯಾರೂ ಅಯ್ಯೋ ಅಂದಿರಲಿಲ್ಲ. ಎಲ್ಲರೂ ಹೋದ ಮೇಲೆ ಮಾವ ಚಾಪೆಯ ಅಂಚಿಗೆ ಬಂದು ಕೂತ.

"ಇಪ್ಪತ್ತನೇ ವಯಸ್ಸಲ್ಲಿ ನನ್ನ ಉಸ್ತಾದ್ ನನಗೂ ಹೀಗೇ ಒತ್ತಿದ್ರು. ಇವತ್ತಿಗೂ ಎಡಗಾಲು ಪೂರ್ತಿ ಚಾಚೋಕಾಗಲ್ಲ."

ಅಮ್ಮನ ಕೈಯಿಂದ ಪೆನ್ನು ಜಾರಿತು. "ಸೈಕಲ್ಲಿಂದ ಬಿದ್ದೆ ಅಂದಿದ್ಯಲ್ಲೋ!"

"ಗಂಡಸು ನೋವು ಅನ್ನಬಾರದು ಅಂದಿದ್ರು, ಅಕ್ಕ."

ಹುಡುಗಿ ಅವನ ಪಕ್ಕ ಮಂಡಿಯೂರಿದಳು. "ಮುಟ್ಟಲಾ ಮಾವ?"

ಅವನನ್ನು ಹಾಗೆ ಯಾರೂ ಯಾವತ್ತೂ ಕೇಳಿರಲಿಲ್ಲ. "ನಾಳೆ ಆ ಫಿಸಿಯೋ ಅಮ್ಮನ ಹತ್ರ ಮೊದಲು ತೋರಿಸ್ಕೋತೀನಿ," ಎಂದ. "ಆಮೇಲೆ ನೀನು ಹೇಳಿಕೊಡು."

ಅದೇ ವಾರ ಕಂಡಕ್ಟರಮ್ಮನ ಮನೆಗೂ ಹೋಗಿ, ತಪ್ಪು ತನ್ನದೇ ಎಂದು ಒಪ್ಪಿಕೊಂಡ.

"ಕಾಲು ವಾಸಿಯಾದ್ಮೇಲೆ ಬರ್ತೀನಿ," ಎಂದಳು ಆಕೆ. "ಆದ್ರೆ ನೀವು ಮೂರು ಅಡಿ ದೂರ ನಿಲ್ಲಬೇಕು."

ತರಬೇತಿ ಕೊಡುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮನ್ನು ನಂಬಿ ಮೈ ಒಪ್ಪಿಸಿದವರು ನಿಮ್ಮ ಮುಂದಿದ್ದಾರೆ. ಮೊದಲು ಮೈ ಬಿಸಿ ಮಾಡಿಸಿ, ನಿಧಾನವಾಗಿ ಎಳೆಸಿ, ಒಬ್ಬರ ಮೈಯನ್ನು ಇನ್ನೊಬ್ಬರದಕ್ಕೆ ಹೋಲಿಸಬೇಡಿ. ಚಳಕು ಹೊಡೆದರೆ, ಊದಿದರೆ, ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಕಳಿಸಿ. ಯಾರು ಎಷ್ಟೇ ದೊಡ್ಡವರಾಗಿರಲಿ, ನೋಯಿಸು ಎಂದು ಹೇಳಿದರೆ ಆಗುವುದಿಲ್ಲ ಎನ್ನಿ.

ಕಲಿಯಲು ಬರುವವರೇ, ಸಾಕು ಎನ್ನುವುದು ಸೋಲಲ್ಲ, ನಿಮ್ಮ ಹಕ್ಕು. ಗಟ್ಟಿಯಾಗಿ ಹೇಳಿ. ಕೇಳಿಸಿಕೊಳ್ಳದಿದ್ದರೆ ಎದ್ದು ಬನ್ನಿ.