ಜೋಳದ ಉಸಿರು

ಅತ್ತೆ ಚಿಮಣಿ ದೀಪ ಕೇಳಿದಾಗ ನಾನು ಒಂಬತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ನನಗೆ ಸಿಟ್ಟು ಮೂಗಿನ ಮೇಲೆಯೇ. ಅದರಲ್ಲೂ ರವಿವಾರ ಬೆಳಿಗ್ಗೆ, 'ಬೀಜ ಉಸಿರಾಡುವುದಿಲ್ಲ, ಸುಮ್ಮನೆ ಮಲಗಿರುತ್ತದೆ' ಎಂದು ಸಾಲಾಗಿ ಬರೆದ ಹುಡುಗರ ಪೇಪರಿಗೆ ಕೆಂಪು ಗೆರೆ ಎಳೆಯುತ್ತ ಕೂತವಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ಹದಿನಾಲ್ಕು ವರ್ಷದಿಂದ ಅದೇ ಪಾಠ ಮಾಡಿ ಗಂಟಲು ಹರಿದುಕೊಂಡಿದ್ದೆ.

ಪಟ್ಟಣದಂಚಿನ ಕುಷಾಯಿಗೂಡದ ನಮ್ಮ ಮನೆಯ ಹಿತ್ತಲಲ್ಲಿ ಕಾಳು ಕೂಡಿಡುವ ಹಗೇವು ಇತ್ತು ಅಂದರೆ ಈಗ ಯಾರೂ ನಂಬುವುದಿಲ್ಲ. ಎಂಬತ್ಮೂರನೇ ಇಸವಿಯ ಮಾತು. ನನ್ನ ಗಂಡ ಮಲ್ಲಪ್ಪ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದರೂ ನಾಲಿಗೆ ವಿಜಾಪುರದ್ದು. ಊರಿನ ಬಿಳಿಜೋಳವೇ ಬೇಕು, ಅದೂ ನೆಲದೊಳಗೆ ಇಟ್ಟದ್ದೇ ಬೇಕು. ಕಲ್ಲುನೆಲ ಎಂದು ಆಳುಗಳು ಬೈದರೂ ಬಿಡದೆ ಹತ್ತು ಅಡಿ ಗುಂಡಿ ತೋಡಿಸಿ, ಗೋಡೆಗೆ ಹುಲ್ಲು ಹೊದಿಸಿ, ಎಂಟು ಚೀಲ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದ್ದರು. ಆ ವರ್ಷ ಮಳೆ ಹುಯ್ದದ್ದೇ ಹುಯ್ದದ್ದು. ಒಳಗೆ ತೇವ ಇಳಿದಿದೆಯೇನೋ ನೋಡಬೇಕೆಂದು ಅಂದು ಕಲ್ಲು ಸರಿಸಿದ್ದರು.

"ಕಮಲವ್ವಾ, ಚಿಮಣಿ ಹಚ್ಚಿ ಕೊಡು," ಎಂದು ಅತ್ತೆ ನೀಲಮ್ಮ ಬಾಗಿಲಲ್ಲಿ ನಿಂತರು. "ಹಗೇವಿಗೆ ಇಳಿಯೂಕಿಂತ ಮೊದಲ ಭೂಮಿತಾಯಿಗೆ ದೀಪ ತೋರಸಬೇಕು."

"ಹಾಡುಹಗಲ ದೀಪ ಯಾಕ್ರೀ ಅತ್ತೀ?"

"ನಮ್ಮವ್ವ ತೋರಸ್ತಿದ್ಲು, ನಾನೂ ತೋರಸ್ತೀನಿ. ದೀಪ ಆರಿದ್ರ ಆಕಿ ಒಲ್ಲೆ ಅಂದಂಗ. ಮರುದಿನ ಇಳೀಬೇಕು."

"ಚಿಮಣಿ ಎಣ್ಣಿ ತೀರೇತ್ರಿ. ಬ್ಯಾಟರಿ ತಗೋರಿ. ಭೂಮಿತಾಯಿಗೆ ಇನ್ನೂ ಝಗ್ ಅಂತ ಕಾಣತೈತಿ."

ಎಣ್ಣೆ ಡಬ್ಬಿ ಒಲೆಯ ಪಕ್ಕದಲ್ಲೇ ಇತ್ತು. ಏಳಲು ಬೇಸರ, ಅಷ್ಟೇ.

ಹಿತ್ತಲಿಂದ ನನ್ನ ಗಂಡನ ನಗು ಕೇಳಿಸಿತು. "ಯವ್ವಾ, ನಿನ್ನ ಸೊಸಿ ಭೂಮಿತಾಯಿಗೂ ಕರೆಂಟ್ ಕೊಟ್ಟಳಲ್ಲ!" ಬ್ಯಾಟರಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಅತ್ತೆ ಬಗ್ಗಿ ನೋಡಿ, "ಆರಲಿಲ್ಲ ನೋಡಪಾ, ಒಪ್ಪಿದ್ಲು," ಎಂದರು. ಏಣಿ ಕಿರುಗುಟ್ಟಿತು. ನಾನು ಮುಂದಿನ ಪೇಪರು ಎತ್ತಿಕೊಂಡೆ.

ಆಮೇಲೆ ಅತ್ತೆಯ ದನಿ. "ಮಲ್ಲಾ... ಏ ಮಲ್ಲಾ, ಚ್ಯಾಷ್ಟಿ ಸಾಕೋ."

ಎದ್ದು ಹೋದೆ. ಬಗ್ಗಿದೆ. ಅವರು ಜೋಳದ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ಬ್ಯಾಟರಿ ಅವರ ಕೆನ್ನೆಯ ಮೇಲೆ ಬೆಳಕು ಚೆಲ್ಲುತ್ತಿತ್ತು. ಅಯ್ಯೋ ಶಿವನೇ! ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಎಲೆ ಬಿಸಿಲು ಹಿಡಿದು ಕಾಳಿನಲ್ಲಿ ಕೂಡಿಡುತ್ತದೆ, ಕಾಳು ಗಾಳಿಯ ಪ್ರಾಣವಾಯು ತೆಗೆದುಕೊಂಡು ಅದನ್ನು ಮೆಲ್ಲಗೆ ಸುಡುತ್ತದೆ, ತೇವ ತಾಗಿದರೆ ಇನ್ನೂ ಜೋರಾಗಿ ಸುಡುತ್ತದೆ, ಕೆಟ್ಟ ಗಾಳಿ ಬಿಡುತ್ತದೆ. ಮೊಳಕೆ ಬಂದ ಹೆಸರುಕಾಳನ್ನು ಬಾಟಲಿಯಲ್ಲಿ ಮುಚ್ಚಿಟ್ಟು, ಮರುದಿನ ಉರಿವ ಕಡ್ಡಿ ಒಳಗೆ ಹಿಡಿದು, ಆರಿತು ನೋಡಿ ಎಂದು ಪ್ರತಿ ವರ್ಷ ಚಪ್ಪಾಳೆ ಹೊಡೆಸಿಕೊಂಡವಳು ನಾನು. ಎಂಟು ಚೀಲ ಜೋಳ ಮೂರು ತಿಂಗಳು ಮುಚ್ಚಿದ ಗುಂಡಿಯಲ್ಲಿ ಉಸಿರಾಡಿತ್ತು. ಬ್ಯಾಟರಿಗೆ ಉಸಿರು ಬೇಕೇ? ಅದು ಉರಿಯುತ್ತಲೇ ಇತ್ತು.

ಚೀರಾಟ ಕೇಳಿ ಪಕ್ಕದ ಮನೆಯ ವೆಂಕಟೇಶ ಕಂಪೌಂಡು ಹಾರಿ ಬಂದ. ಅವರದೇ ಕಾರ್ಖಾನೆಯವನು, ಗಟ್ಟಿ ಆಳು. ಏಣಿಯ ಮೇಲೆ ಕಾಲಿಟ್ಟೇಬಿಟ್ಟ. ನಾನು ಅವನ ಅಂಗಿ ಹಿಡಿದು ಜಗ್ಗಿದೆ. ಅಂಗಿ ಹರಿಯಿತು, ಕೂದಲು ಹಿಡಿದೆ.

"ಬಿಡ ಅವನ್ನ!" ಅತ್ತೆ ನನ್ನ ಬೆನ್ನಿಗೆ ಗುದ್ದುತ್ತಿದ್ದರು. "ನನ್ನ ಮಗ ಸಾಯಾಕತ್ತಾನ, ಬಿಡ!"

"ಇಳಿದ್ರ ಇವನೂ ಸಾಯ್ತಾನ್ರೀ! ಒಳಗ ಗಾಳಿ ಇಲ್ಲ!"

ವೆಂಕಟೇಶ ಏಣಿಯಿಂದ ಕಾಲು ಹಿಂದೆಗೆದ. ಅಡುಗೆಮನೆಗೆ ಓಡಿ ಚಿಮಣಿ ಹಚ್ಚಿ ತಂದು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆ. ಅರ್ಧ ಇಳಿಯುವುದರೊಳಗೆ ಯಾರೋ ಚಿವುಟಿದಂತೆ ಆರಿತು. ವೆಂಕಟೇಶ ಬಿಳಚಿಕೊಂಡ. ಕೆಟ್ಟ ಗಾಳಿ ಹೊರಹೋಗಲೆಂದು ನೀರು ಎರಚಿದೆವು, ಕಂಬಳಿ ಇಳಿಬಿಟ್ಟು ಎತ್ತಿದೆವು, ಮತ್ತೆ ಇಳಿಬಿಟ್ಟೆವು. ಎರಡನೇ ಸಲವೂ ದೀಪ ಆರಿತು. ಮೂರನೇ ಸಲ ಉಳಿಯಿತು. ಆಗ ಅವನ ಸೊಂಟಕ್ಕೆ ಹಗ್ಗ ಕಟ್ಟಿ, ಉಸಿರು ಬಿಗಿಹಿಡಿಯಲು ಹೇಳಿ ಇಳಿಸಿದೆ. ನನ್ನ ಗಂಡ ಮೇಲೆ ಬರುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತು. ಎದೆ ಒತ್ತಿದೆ, ಬಾಯಿಗೆ ಬಾಯಿಟ್ಟು ಊದಿದೆ. ನನ್ನ ಉಸಿರು ಅವರಿಗೆ ಹತ್ತಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು.

ಮೂರು ದಿನ ನನಗೆ ಅಳು ಬರಲಿಲ್ಲ. ಬಂದವರೆಲ್ಲ ನನ್ನನ್ನು ಹೊಗಳಿದರು. ಟೀಚರಮ್ಮ ಇಲ್ಲದಿದ್ದರೆ ಎರಡು ಹೆಣ ಬೀಳುತ್ತಿದ್ದವು ಎಂದರು. ಮೂರನೇ ದಿನ ವೆಂಕಟೇಶನ ಹೆಂಡತಿ ಸಾವಿತ್ರಿ ಬಂದು ನನ್ನ ಕಾಲ ಮೇಲೆ ಹಣೆಯಿಟ್ಟಳು.

"ಅಕ್ಕಾರ, ನನ್ನ ಕುಂಕುಮ ಉಳಿಸಿದ್ರಿ. ನೀವು ಕಲಿತ ವಿದ್ಯಾಕ್ಕ ಕೈ ಮುಗೀತೀನಿ."

"ಮುಟ್ಟಬ್ಯಾಡ ನನ್ನ ಕಾಲು!" ಕಿರುಚಿಬಿಟ್ಟೆ. "ಅತ್ತಿ ಚಿಮಣಿ ಕೇಳಿದ್ರು. ಎಣ್ಣಿ ಇತ್ತು. ಇಲ್ಲ ಅಂತ ಸುಳ್ಳು ಹೇಳಿ ಬ್ಯಾಟರಿ ಕೊಟ್ಟಾಕಿ ನಾನ. ಅವರನ್ನ ಕೊಂದಾಕಿ ನಾನ."

ಸಾವಿತ್ರಿ ಹಿಂದೆ ಸರಿದಳು. ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದು ನನ್ನ ಎದುರು ಬಂದು ನಿಂತರು. ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ದೀಪ ಯಾಕ ಆರತೈತಿ ಅನ್ನೂದು ನಿನಗ ಮೊದಲ ಗೊತ್ತಿತ್ತೇನ?" ಕೇಳಿದರು.

"ಗೊತ್ತಿತ್ರೀ. ವರ್ಷಾ ವರ್ಷಾ ಅದನ್ನ ಕಲಸ್ತೀನಿ."

"ನನಗ ಗೊತ್ತಿರಲಿಲ್ಲವ್ವಾ," ಎಂದರು ಅತ್ತೆ. "ಗೊತ್ತಿದ್ದಿದ್ರ ಆ ಬ್ಯಾಟರಿ ನಿನ್ನ ಮಾರಿಗೆ ಒಗೀತಿದ್ದೆ."