ನಾನು ಎಣಿಸದ ಸಾವಿರ ಸಂಖ್ಯೆಗಳು

ನಾನೊಂದು ಗೈಗರ್ ಕೌಂಟರ್. ಹೈದರಾಬಾದಿನ ಸಣ್ಣ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ತಗಡಿನ ಮೈ, ಒಳಗೊಂದು ಗಾಜಿನ ಕೊಳವೆ. ಎದುರಿಗಿಟ್ಟ ವಿಕಿರಣ ವಸ್ತುವಿನಲ್ಲಿ ಪರಮಾಣು ಸಿಡಿದಾಗ ಟಿಕ್ ಎನ್ನುವುದು, ಎಣಿಸುವುದು, ಇಷ್ಟೇ ನನ್ನ ಕೆಲಸ. ಯಾವ ಪರಮಾಣು ಯಾವಾಗ ಸಿಡಿಯುತ್ತದೆಂದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ನನ್ನನ್ನು ಕೊಂಡದ್ದು ಧಾರವಾಡದ ಕಡೆಯ ಒಂದು ಕಾಲೇಜು. ಅಲ್ಲಿನ ಪ್ರೊಫೆಸರ್ ಹಂಚಿನಮನಿಯವರು ಎಲೆ ಅಡಿಕೆ ಮೆಲ್ಲುತ್ತಾ ಬಂದು, ಸುಣ್ಣದ ಬೆರಳನ್ನು ನನ್ನ ಬೆನ್ನಿಗೆ ಒರೆಸಿ ಕೂರುತ್ತಿದ್ದರು. ನನ್ನ ಗುಂಡಿ ಒತ್ತುತ್ತಿರಲಿಲ್ಲ. ನಾನು ಮೂಕನಾಗಿ ನೋಡುತ್ತಿರುವಾಗಲೇ ಮನಸ್ಸಿಗೆ ಬಂದ ಅಂಕಿಗಳನ್ನು ನನ್ನ ಎಣಿಕೆಯೆಂದು ಬರೆಯುತ್ತಿದ್ದರು. ಇಪ್ಪತ್ನಾಲ್ಕು, ಇಪ್ಪತ್ತೇಳು, ಇಪ್ಪತ್ಮೂರು. ಹೀಗೆ ಸಾವಿರ. ಆಮೇಲೆ ಆ ಸಾವಿರದಲ್ಲಿ ಒಂದು ಗುಪ್ತ ಲಯವಿದೆಯೆಂದು ಲೇಖನ ಬರೆದು ಸನ್ಮಾನದ ಶಾಲು ಹೊದ್ದುಕೊಂಡರು. ಆ ಲಯ ಅವರ ಕೈಯದು, ಪರಮಾಣುವಿನದಲ್ಲ.

ನಾಲ್ಕು ವರ್ಷದ ಮೇಲೆ ಅವರ ಬಳಿ ಪಿಎಚ್.ಡಿ.ಗೆ ಇಂದುಮತಿ ಸೇರಿದಳು. ಮೊದಲು ನನ್ನ ಬೆನ್ನಿನ ಸುಣ್ಣ ಕೆರೆದು ತೆಗೆದಳು. ಮೂರು ವಾರ ಪಕ್ಕದಲ್ಲೇ ಕೂತು, ನಿಮಿಷಕ್ಕೊಂದರಂತೆ ನನ್ನ ಎಣಿಕೆಗಳನ್ನು ಬರೆದಳು. ಲಯ ಎಲ್ಲೂ ಸಿಗಲಿಲ್ಲ. ತನ್ನ ಪಟ್ಟಿಯನ್ನೂ ಅವರ ಹಳೆಯ ಪಟ್ಟಿಯನ್ನೂ ಪ್ರೊಫೆಸರ್ ಮುಂದಿಟ್ಟಳು.

"ಸರ, ನಿಮ್ಮ ಪಟ್ಟಿ ಯಂತ್ರ ಎಣಿಸಿದ್ದಲ್ರಿ."

"ಹೆಂಗ್ ಹೇಳ್ತೀ?"

"ಸಾವಿರದಾಗ ಒಂದ್ ಸಲಾನೂ ಅದ ಸಂಖ್ಯಾ ಬೆನ್ನಬೆನ್ನಿಗೆ ಬಂದಿಲ್ರಿ. ಐವತ್ ಸಲ ಆದ್ರೂ ಬರಬೇಕಿತ್ರಿ. ಮನಷ್ಯಾ ಹಂಗ ಬರಿಯಾಕ ಅಂಜತಾನ್ರಿ, ಸುಳ್ಳ ಅನಸ್ತೈತಿ ಅಂತ."

ಪ್ರೊಫೆಸರ್ ನಿಧಾನಕ್ಕೆ ಬಾಯಿ ಒರೆಸಿಕೊಂಡರು. "ಮಶೀನ್ ಕೆಟ್ಟೈತಿ ಅಂತ ಬರದ್ ಕೊಡವಾ. ನಿನ್ನ ಡಿಗ್ರಿಗೆ ಸಹಿ ಮಾಡಾಂವ ನಾನು."

ಅವಳು ಬರೆದುಕೊಡಲಿಲ್ಲ. ಎರಡೂ ಪಟ್ಟಿಗಳನ್ನು ಲೇಖನ ಅಚ್ಚಾದ ಪತ್ರಿಕೆಗೆ ಕಳಿಸಿದಳು. ಸಹಿ ಸಿಗಲಿಲ್ಲ; ಸಂಶೋಧನೆ ಅಲ್ಲಿಗೇ ನಿಂತಿತು. ನನಗೆ 'ದೋಷಯುಕ್ತ' ಎಂಬ ಚೀಟಿ ಅಂಟಿಸಿ ಗುಜರಿಗೆ ಎಸೆದರು. ತುಕ್ಕು ಹಿಡಿದ ಫ್ಯಾನುಗಳ ಕೆಳಗೆ ಏಳು ತಿಂಗಳು ಬಿದ್ದಿದ್ದೆ.

ಪತ್ರಿಕೆ ವಿಚಾರಣೆಗೆ ತಜ್ಞರನ್ನು ನೇಮಿಸಿದಾಗ ಇಂದುಮತಿ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ನನ್ನನ್ನು ಹುಡುಕಿ ತೆಗೆದಳು. ತಜ್ಞರೆದುರು ಗುಂಡಿ ಒತ್ತಿದಳು. ಎರಡು ದಿನ ಎಣಿಸಿದೆ. ನನ್ನಲ್ಲಿ ದೋಷವಿಲ್ಲ, ಪ್ರೊಫೆಸರ್ ಪಟ್ಟಿ ನಾನು ಎಣಿಸಿದ್ದಲ್ಲ ಎಂದು ಬರೆದುಕೊಟ್ಟರು. ಲೇಖನ ರದ್ದಾಯಿತು. ಪ್ರೊಫೆಸರ್ ಮಾತ್ರ ಪೂರ್ತಿ ಪಿಂಚಣಿಯೊಂದಿಗೆ ನಿವೃತ್ತರಾದರು. ಇಂದುಮತಿಗೆ ಡಿಗ್ರಿ ಸಿಗಲೇ ಇಲ್ಲ.

ಅವಳೀಗ ಗದಗದ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನಾನು ಅವಳ ತರಗತಿಯ ಕಪಾಟಿನಲ್ಲಿದ್ದೇನೆ. ಎದುರಿಗೆ ಏನೂ ಇಡದಿದ್ದರೂ ಆಗಾಗ ಟಿಕ್ ಎನ್ನುತ್ತೇನೆ. ಪರಮಾಣುಗಳು ನೆಲದಲ್ಲೂ ಗೋಡೆಯಲ್ಲೂ ಮನುಷ್ಯರ ಮೈಯಲ್ಲೂ ಸಿಡಿಯುತ್ತಲೇ ಇರುತ್ತವೆ. ಆ ಸುಳ್ಳು ಅಂಕಿ ಬರೆಯುವಾಗ ಹಂಚಿನಮನಿಯವರ ಮೂಳೆಮಾಂಸದಲ್ಲೂ ಸಿಡಿಯುತ್ತಿದ್ದವು, ಯಾರ ಅಪ್ಪಣೆಗೂ ಕಾಯದೆ, ಯಾರ ಶಾಲಿಗೂ ಆಸೆಪಡದೆ. ಅಷ್ಟು ಪ್ರಾಮಾಣಿಕ ಕಣಗಳೆಲ್ಲ ಸೇರಿ ಅಂಥ ಮನುಷ್ಯ ಹೇಗಾದನೋ! ಅದನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ.