ಅರವತ್ತಕ್ಕೆ ಒಂದು

ಒಡೆಲ್ ಬ್ರೆಕೆಯ ಬಲಮೊಣಕಾಲು ಎಪ್ಪತ್ತಾರು ವರ್ಷಗಳಲ್ಲಿ ಒಂದು ಗಳಿಗೆಯೂ ವಿಶ್ರಾಂತಿ ಕಂಡದ್ದಲ್ಲ. ಇಗರ್ಜಿಯಲ್ಲಿ ಪಾದ್ರಿಗಳು ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಲೂ ಅದು ಕುಣಿಯುತ್ತಿತ್ತು. ಅವನು ಕೂತ ಮೇಜಿನ ಮೇಲೆ ಕಾಫಿ ತುಂಬಿಟ್ಟವರೇ ಮೂರ್ಖರು. ಅಂಥ ಚಂಚಲ ಆಸಾಮಿ, ಗುಂಡಿ ಕಿತ್ತುಹೋದ ಅಪ್ಪನ ಕಾಲದ ಕಂದು ಕೋಟು ತೊಟ್ಟು, ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆಯ ದಿನ ಉತ್ತರ ಡಕೋಟಾದ ನಮ್ಮ ಹೋಬಳಿಯ ಮತಗಟ್ಟೆಯಲ್ಲಿ ಹನ್ನೆರಡು ತಾಸು ಕುರ್ಚಿಗೆ ಅಂಟಿಕೊಂಡಿರುತ್ತಿದ್ದನೆಂದರೆ ಯಾರಾದರೂ ನಂಬಬೇಕೇ!

ಆ ಮೇಜಿಗೆ ಎರಡೂ ಪಕ್ಷದವರು ಬೇಕೆಂಬುದು ಕಾನೂನು. ಇಲ್ಲಿ ತೊಟ್ಟಿಲ ಕೂಸೂ ಆನೆ ಗುರುತಿನ ಪಕ್ಷ. ಕತ್ತೆ ಗುರುತಿನವರ ಕುರ್ಚಿಗೆ ಹೆಸರು ಕೊಟ್ಟವನು ಒಡೆಲ್ ಒಬ್ಬನೇ. ಪ್ರತಿ ಸಲವೂ ಅರವತ್ತು ಚಿಲ್ಲರೆ ಮತ ಆನೆಗೆ, ಒಂದೇ ಒಂದು ಕತ್ತೆಗೆ. ಆ ಒಂದು ಯಾರದೆಂದು ಕೇಳುವ ಅಗತ್ಯ ಯಾರಿಗಿತ್ತು? ಗೋಧಿ ಕಣಜದ ಬಳಿ, ಇಗರ್ಜಿಯ ಊಟದ ಸಾಲಿನಲ್ಲಿ, "ಏನಪ್ಪಾ ಕತ್ತೆ, ಹುಲ್ಲು ಸಿಕ್ತಾ?" ಎಂದು ಜನ ಛೇಡಿಸಿದರೆ ಅವನು ಹಲ್ಲು ಕಿರಿದು ಮೊಣಕಾಲು ಕುಣಿಸುತ್ತಿದ್ದ. ಛೇಡಿಸದವಳು ಮತಗಟ್ಟೆಯಲ್ಲಿ ಅವನ ಪಕ್ಕದ ಕುರ್ಚಿಯ ಲವೋನ್ ಒಬ್ಬಳೇ. ಅವಳು ಆನೆ ಪಕ್ಷದ ಊರಮುಖಂಡ ಅರ್ಲೆನ್‌ನ ಹೆಂಡತಿ, ಮತ್ತು ಆ ಒಂದು ಮತ ಅವಳದು. ಒಡೆಲ್ ಹಾಕುತ್ತಿದ್ದುದು ಊರಿನವರಂತೆ ಆನೆಗೇ. ಮೊದಲ ಎಣಿಕೆಯ ರಾತ್ರಿ ಪರಸ್ಪರ ಮುಖ ನೋಡಿದಾಗಲೇ ಇಬ್ಬರಿಗೂ ಇದು ಗೊತ್ತಾಗಿತ್ತು. ಇಪ್ಪತ್ತು ವರ್ಷ ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ.

ಈ ಸಲ ಅಕ್ಟೋಬರಿನಲ್ಲಿ ಒಡೆಲ್ ಧಾನ್ಯದ ಲಾರಿಯಿಂದ ಬಿದ್ದು, ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ.

"ಕತ್ತೆ ಮಲಗ್ತು, ಈ ಸಲ ಪೂರ್ತಿ ನಮ್ದೇ!" ಎಂದು ಅರ್ಲೆನ್ ಊರೆಲ್ಲ ಸಾರಿದ. ಲವೋನ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕತ್ತೆಗೆ ಒಂದು ಮತ ಬಿದ್ದರೂ ಯಾರದೆಂದು ಹುಡುಕುತ್ತಾರೆ, ಮೊದಲು ತನ್ನ ಮನೆಯಲ್ಲೇ.

ಚುನಾವಣೆಯ ಸಂಜೆ ಆರಕ್ಕೆ ಮತಗಟ್ಟೆಯ ಬಾಗಿಲಲ್ಲಿ ಗಾಲಿಕುರ್ಚಿ ಕಿರುಗುಟ್ಟಿತು. ಆಸ್ಪತ್ರೆಯ ಅಂಗಿ, ಮೇಲೆ ಅದೇ ಕೋಟು. ಸೊಂಟಕ್ಕೆ ಕಬ್ಬಿಣ ಬಿಗಿದಿದ್ದರೂ ಮೊಣಕಾಲು ಕುಣಿಯುತ್ತಲೇ ಇತ್ತು.

"ಹಾಕಿದ್ಯಾ?" ಒಡೆಲ್ ಪಿಸುಗುಟ್ಟಿದ.

"ಹಾಕ್ದೆ. ಎಲ್ಲರ ಹಾಗೇ," ಎಂದಳು ಲವೋನ್. ಅವಳಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು.

"ಅಯ್ಯೋ ಮಾರಾಯ್ತಿ, ನಾ ಬರೋತನಕ ತಡೀಬಾರ್ದಿತ್ತಾ?"

ಅವನ ಮೊಣಕಾಲು ನಿಂತಿತು. ಮತಪತ್ರ ಇಸಿದುಕೊಂಡು ಮರೆಗೆ ಹೋದ.

ಯಂತ್ರ ಉಗುಳಿದ ಚೀಟಿಯಲ್ಲಿ ಅರವತ್ತಕ್ಕೆ ಒಂದು.

"ಹಾಳಾದೋನೇ, ಮೂಳೆ ಮುರಿದ್ರೂ ಬುದ್ಧಿ ಬರ್ಲಿಲ್ವಲ್ಲೋ!" ಎಂದು ಅರ್ಲೆನ್ ಬೈದ.

"ಕತ್ತೆಗೆಂಥಾ ಬುದ್ಧಿ, ಬಿಡೋ," ಎಂದ ಒಡೆಲ್. ನೆರೆದವರು ನಕ್ಕರು. ಆ ಒಂದು ಮತ ಈ ಸಲ ನಿಜಕ್ಕೂ ಅವನದೇ, ತನ್ನ ಬದಲಿಗೆ ಹಾಕಿದ್ದು ಎಂದು ಲವೋನ್‌ಗೆ ಮಾತ್ರ ಗೊತ್ತಿತ್ತು.

ಊರಿನ ಗೇಲಿಗೆ ತಮ್ಮ ಹೆಸರನ್ನೊಡ್ಡಿ ಇನ್ನೊಬ್ಬರ ಮನಸ್ಸನ್ನು ಕಾಯುವ ಜನ ಎಲ್ಲ ಊರುಗಳಲ್ಲೂ ಒಬ್ಬಿಬ್ಬರಿರುತ್ತಾರೆ. ಅವರು ನಂಬಿದ್ದೇನೆಂದು ನಮಗೆ ಕಡೆಗೂ ತಿಳಿಯುವುದಿಲ್ಲ. ಅವರು ನೆಟ್ಟಗೆ ಕೂರಲಾರರು ಎಂಬುದಷ್ಟೇ ನಮಗೆ ಕಾಣುತ್ತದೆ.